ಕ್ರೋಮ್‌ನಲ್ಲಿ ಸರಿ, ಸಫಾರಿಯಲ್ಲಿ ತಪ್ಪು: ಯಾವ ದೋಷಕ್ಕೆ ಯಾವ ಬ್ರೌಸರ್‌ನ ಡೆವ್‌ಟೂಲ್ಸ್?

ಅದೇ ಪುಟ ಕ್ರೋಮ್‌ನಲ್ಲಿ ಸರಾಗವಾಗಿ ಓಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಬಟನ್ ಒತ್ತಿದರೆ ಮಿಸುಕುವುದಿಲ್ಲ. ಐಫೋನ್‌ನಲ್ಲಿ ಲಾಗಿನ್ನೇ ಆಗುವುದಿಲ್ಲ. ಆಗ ನಾವೆಲ್ಲ ಮಾಡುವುದೆಂದರೆ, ಕೈಗೆ ರೂಢಿಯಾದ ಬ್ರೌಸರ್‌ನ ಡೆವಲಪರ್ ಟೂಲ್ಸ್ (ಡೆವ್‌ಟೂಲ್ಸ್, ಅಂದರೆ ಪುಟದ ಒಳಗನ್ನು ಪರೀಕ್ಷಿಸಲು ಬ್ರೌಸರ್‌ನಲ್ಲೇ ಇರುವ ಸಲಕರಣೆಗಳು) ತೆರೆದು ಅಲ್ಲೇ ಗಂಟೆಗಟ್ಟಲೆ ತಡಕಾಡುವುದು. ಎರರ್ ತೋರಿಸಿ ಕೋಡ್ ಓಡಿಸುವ ಕನ್ಸೋಲ್, ಹೋಗಿಬರುವ ಫೈಲ್‌ಗಳನ್ನು ಪಟ್ಟಿ ಮಾಡುವ ನೆಟ್‌ವರ್ಕ್, ಪುಟದ ರಚನೆ ತೋರಿಸುವ ಇನ್‌ಸ್ಪೆಕ್ಟರ್ ಎಲ್ಲ ಬ್ರೌಸರ್‌ಗಳಲ್ಲೂ ಇರುವುದರಿಂದ ಯಾವುದಾದರೇನು ಅನ್ನಿಸುತ್ತದೆ. ಹಾಗಲ್ಲ. ಒಂದು ಟೂಲ್ ಕಾರಣ ಸಮೇತ ಹೇಳಿಬಿಡುವ ತಪ್ಪಿನ ಬಗ್ಗೆ ಇನ್ನೊಂದು ತುಟಿ ಪಿಟಕ್ಕೆನ್ನುವುದಿಲ್ಲ. ಎಷ್ಟೋ ಸಲ ದೋಷ ಪುಟದಲ್ಲಿ ಇರುವುದೂ ಇಲ್ಲ. ಟೂಲ್ಸ್‌ನ ಯಾವುದೋ ಫಿಲ್ಟರ್ ಅಥವಾ ಟಿಕ್ ಮಾರ್ಕ್ ನಮ್ಮನ್ನು ಆಟ ಆಡಿಸುತ್ತಿರುತ್ತದೆ.

ಎರಡನೇ ಅಭಿಪ್ರಾಯಕ್ಕೆ ಯಾವ ಬ್ರೌಸರ್ ತೆರೆಯಬೇಕು ಎಂಬುದು ಮೊದಲೇ ಗೊತ್ತಿರಲಿ. ಕ್ರೋಮ್ ಮತ್ತು ಸಫಾರಿಯ ಟೂಲ್ಸ್ ಎರಡೂ ವೆಬ್‌ಕಿಟ್ ಎಂಬ ಎಂಜಿನ್‌ನ (ಪುಟವನ್ನು ಓದಿ ಚಿತ್ರಿಸುವ ಬ್ರೌಸರ್‌ನ ಒಳಭಾಗ) ವೆಬ್ ಇನ್‌ಸ್ಪೆಕ್ಟರ್‌ನಿಂದ ಬಂದವು. 2013ರಲ್ಲಿ ಗೂಗಲ್ ಬ್ಲಿಂಕ್ ಎಂಜಿನ್ ಬೇರೆ ಮಾಡಿಕೊಂಡ ಮೇಲೆ ಅವುಗಳ ದಾರಿ ಕವಲೊಡೆಯಿತು. 2006ರಲ್ಲಿ ಫೈರ್‌ಬಗ್ ಎಂಬ ಆ್ಯಡ್‌ಆನ್‌ನಿಂದ ಹೆಸರಾದ ಫೈರ್‌ಫಾಕ್ಸ್‌ನದು ಬೇರೆಯೇ ಪರಂಪರೆ. ಎಡ್ಜ್ 2020ರ ಜನವರಿಯಿಂದ ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆ ನಿಂತಿದೆ. ಬ್ರೇವ್, ಒಪೆರಾ, ವಿವಾಲ್ಡಿಗಳೂ ಅಷ್ಟೇ. ಹಾಗಾಗಿ ಕ್ರೋಮ್‌ನಲ್ಲಿ ಸಿಗದ ಉತ್ತರವನ್ನು ಎಡ್ಜ್‌ನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಅದೇ ಮಾತು. ಫೈರ್‌ಫಾಕ್ಸ್ ತೆರೆಯಿರಿ, ಮ್ಯಾಕ್ ಇದ್ದರೆ ಸಫಾರಿ ತೆರೆಯಿರಿ.

ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಯಾರೋ ಕಳಿಸಿದ ಕೋಡನ್ನು ಕನ್ಸೋಲ್‌ಗೆ ಅಂಟಿಸಬೇಡಿ. ಅಲ್ಲಿ ಓಡುವ ಕೋಡ್ ನಿಮ್ಮ ಲಾಗಿನ್‌ನ ಅಧಿಕಾರದಲ್ಲೇ ಓಡುತ್ತದೆ. ನಿಮ್ಮ ಖಾತೆಯಲ್ಲಿ ನೀವು ಮಾಡಬಹುದಾದದ್ದನ್ನೆಲ್ಲ ಅದೂ ಮಾಡಬಲ್ಲದು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಮೊದಲ ಸಲ ಪೇಸ್ಟ್ ಮಾಡಲು ಹೋದಾಗ ಅದು ನಿಂತುಹೋಗಿ, ‘ಅಲೌ ಪೇಸ್ಟಿಂಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂದು ಕೇಳುವುದು ಇದಕ್ಕೇ. ಪೇಸ್ಟ್ ಕೆಟ್ಟಿಲ್ಲ, ಬ್ರೌಸರ್ ಕಾವಲು ಕಾಯುತ್ತಿದೆ. ಕೋಡ್ ನಿಮ್ಮದೇ ಆಗಿದ್ದರೆ ಮಾತ್ರ ಮುಂದುವರಿಯಿರಿ.

ಎಫ್12 ಒತ್ತಿದರೆ ಏನೂ ತೆರೆಯುವುದಿಲ್ಲ

ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಕೀ ಬೇರೆ ಕೆಲಸಕ್ಕೂ ಮೀಸಲಾಗಿರಬಹುದು. ಎಫ್ಎನ್ ಕೀ ಜೊತೆ ಒತ್ತಿ ನೋಡಿ. ವಿಂಡೋಸ್, ಲಿನಕ್ಸ್‌ನಲ್ಲಿ ಕಂಟ್ರೋಲ್-ಶಿಫ್ಟ್-ಐ, ಮ್ಯಾಕ್‌ನಲ್ಲಿ ಕಮಾಂಡ್-ಆಪ್ಷನ್-ಐ. ಸಫಾರಿಯಲ್ಲಿ ಮಾತ್ರ ಯಾವ ಕೀ ಒತ್ತಿದರೂ ಫಲವಿಲ್ಲ, ಏಕೆಂದರೆ ಅಲ್ಲಿ ಟೂಲ್ಸ್ ಹುಟ್ಟಿನಿಂದಲೇ ಬಚ್ಚಿಟ್ಟಿರುತ್ತವೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ವೆಬ್ ಡೆವಲಪರ್‌ಗಳಿಗೆ ಬೇಕಾದ ಸೌಲಭ್ಯ ತೋರಿಸುವ ಟಿಕ್ ಹಾಕಿದ ಮೇಲಷ್ಟೇ ಮೆನುವಿನಲ್ಲಿ ‘ಡೆವಲಪ್’ ಕಾಣಿಸುತ್ತದೆ.

ಬಲ ಕ್ಲಿಕ್ ಮಾಡಿದರೆ ಇನ್‌ಸ್ಪೆಕ್ಟ್ ಬರುತ್ತಿಲ್ಲವಾದರೆ ಪುಟವೇ ಬಲ ಕ್ಲಿಕ್ ತಡೆದಿರಬಹುದು. ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿದರೆ ಆ ತಡೆ ನಡೆಯುವುದಿಲ್ಲ. ಕಚೇರಿಯ ಕಂಪ್ಯೂಟರ್‌ನಲ್ಲಿ ಮೆನು ಮಂಕಾಗಿದ್ದರೆ ಅದು ಆಡಳಿತ ನೀತಿ ಇರಬಹುದು. ಕ್ರೋಮ್‌ನ ಪಾಲಿಸಿ ಪುಟ ಅಥವಾ ಫೈರ್‌ಫಾಕ್ಸ್‌ನ ಅಬೌಟ್ ಪಾಲಿಸೀಸ್ ಪುಟದಲ್ಲಿ ಅದು ಪಟ್ಟಿಯಾಗಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಐಟಿ ವಿಭಾಗದವರನ್ನು ಕೇಳಿ. ನೀತಿಯಿಂದ ತಪ್ಪಿಸಿಕೊಂಡು ಹೋಗುವ ದಾರಿ ಹುಡುಕುವುದು ಡೀಬಗ್ಗಿಂಗ್ ಅಲ್ಲ.

ಟೂಲ್ಸ್ ತೆರೆದ ಕೂಡಲೇ ದೋಷ ಮಾಯ

ಇದು ತಲೆ ಕೆಡಿಸುವ ಲಕ್ಷಣ. ಆದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು.

ಮೊದಲನೆಯದು ಅಗಲ. ಟೂಲ್ಸ್ ಪುಟದ ಬಲಬದಿಗೆ ಅಂಟಿಕೊಂಡಾಗ ಪುಟಕ್ಕೆ ಸಿಗುವ ಜಾಗ ಕುಗ್ಗಿ, ಮೊಬೈಲ್‌ಗೆಂದು ಬರೆದ ಮೀಡಿಯಾ ಕ್ವೆರಿ (ಪರದೆಯ ಅಗಲ ನೋಡಿ ಸ್ಟೈಲ್ ಬದಲಿಸುವ ನಿಯಮ) ಜಾರಿಗೆ ಬರುತ್ತದೆ. ಟೂಲ್ಸನ್ನು ಬೇರೆ ವಿಂಡೋಗೆ ಬಿಡಿಸಿ ಮತ್ತೆ ನೋಡಿ. ಕಂಟ್ರೋಲ್-ಸೊನ್ನೆ ಒತ್ತಿ ಜೂಮ್ ಕೂಡ ಸರಿಮಾಡಿಕೊಳ್ಳಿ.

ಎರಡನೆಯದು ಕ್ಯಾಶ್, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಫೈಲ್‌ಗಳ ಪ್ರತಿಗಳು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ‘ಡಿಸೇಬಲ್ ಕ್ಯಾಶ್’ ಟಿಕ್ ಇದ್ದರೆ ಅದು ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ತೆರೆದಿದ್ದಾಗ ಹೊಸ ಫೈಲ್ ಬರುತ್ತದೆ, ಮುಚ್ಚಿದ ಮೇಲೆ ಹಳೆಯದು. ದೋಷ ‘ಮಾಯವಾಗಿಲ್ಲ’, ನೀವು ಬೇರೆ ಫೈಲನ್ನು ನೋಡುತ್ತಿದ್ದೀರಿ ಅಷ್ಟೇ. ಟಿಕ್ ತೆಗೆದು ರೀಲೋಡ್ ಮಾಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಮೂರನೆಯದು ಸಮಯ. ಟೂಲ್ಸ್ ತೆರೆದಾಗ ಪುಟ ತುಸು ನಿಧಾನವಾಗುತ್ತದೆ. ಎರಡು ಕೆಲಸಗಳ ನಡುವಿನ ಓಟದಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂಬುದು ಅದರಿಂದ ಬದಲಾಗಬಹುದು. ಮೇಲಿನೆರಡೂ ಅಲ್ಲ ಎಂದು ಖಚಿತವಾದರೆ ಮಾತ್ರ ಈ ಅನುಮಾನಕ್ಕೆ ಬನ್ನಿ. ಇದನ್ನು ಹಿಡಿಯುವುದು ಕಷ್ಟ.

ಪುಟ ಕೆಟ್ಟಿದೆ, ಕನ್ಸೋಲ್ ಮಾತ್ರ ಖಾಲಿ

ಖಾಲಿ ಕನ್ಸೋಲ್ ಕಂಡು ಕೋಡ್ ಸರಿಯಿದೆ ಎಂದುಕೊಳ್ಳಬೇಡಿ. ಮೊದಲು ಫಿಲ್ಟರ್ ಪೆಟ್ಟಿಗೆ ನೋಡಿ. ಎಂದೋ ಟೈಪ್ ಮಾಡಿದ ಪದ ಅಲ್ಲೇ ಕೂತಿರುತ್ತದೆ. ಬಳಿಕ ಲೆವೆಲ್‌ಗಳು: ಕ್ರೋಮ್‌ನಲ್ಲಿ ‘ವರ್ಬೋಸ್’ ಮೊದಲಿನಿಂದಲೂ ಆಫ್ ಇರುತ್ತದೆ, ಫೈರ್‌ಫಾಕ್ಸ್‌ನಲ್ಲಿ ಸಿಎಸ್‌ಎಸ್ (ಪುಟದ ಸ್ಟೈಲ್ ಬರೆಯುವ ಭಾಷೆ) ಎಚ್ಚರಿಕೆಗಳ ಮತ್ತು ಎಕ್ಸ್‌ಎಚ್‌ಆರ್‌ನ (ಪುಟ ಹಿನ್ನೆಲೆಯಲ್ಲಿ ಸರ್ವರ್‌ಗೆ ಕಳಿಸುವ ಕೋರಿಕೆ) ಬಟನ್‌ಗಳು ಆಫ್ ಇರುತ್ತವೆ. ಆ ಸಿಎಸ್‌ಎಸ್ ಬಟನ್ ಒತ್ತಿ ನೋಡಿ. ಬ್ರೌಸರ್‌ಗೆ ಅರ್ಥವಾಗದೆ ಬಿಟ್ಟುಹಾಕಿದ ಸಾಲುಗಳನ್ನೆಲ್ಲ ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ಸುರಿಯುತ್ತದೆ. ಕ್ರೋಮ್‌ನ ಕನ್ಸೋಲ್‌ನಲ್ಲಿ ಇಂಥ ಸವಲತ್ತು ಇಲ್ಲ.

ಫಾರ್ಮ್ ಸಬ್ಮಿಟ್ ಮಾಡಿದ ಕ್ಷಣದಲ್ಲೇ ಎರರ್ ಮಿಂಚಿ ಮರೆಯಾಗುತ್ತಿದ್ದರೆ ಪುಟ ಬದಲಾಗಿ ಕನ್ಸೋಲ್ ಅಳಿದುಹೋಗುತ್ತಿದೆ. ಕ್ರೋಮ್ ಮತ್ತು ಸಫಾರಿಯಲ್ಲಿ ‘ಪ್ರಿಸರ್ವ್ ಲಾಗ್’, ಫೈರ್‌ಫಾಕ್ಸ್‌ನಲ್ಲಿ ‘ಪರ್ಸಿಸ್ಟ್ ಲಾಗ್ಸ್’ ಆನ್ ಮಾಡಿ.

ಇನ್ನೊಂದು ಬಲೆ. ಆಬ್ಜೆಕ್ಟ್ ಒಂದನ್ನು ಲಾಗ್ ಮಾಡಿ, ಆಮೇಲೆ ಬಾಣ ಒತ್ತಿ ಬಿಡಿಸಿ ನೋಡಿದರೆ ಕಾಣುವುದು ಲಾಗ್ ಮಾಡಿದ ಹೊತ್ತಿನ ಬೆಲೆಯಲ್ಲ, ಬಿಡಿಸಿದ ಹೊತ್ತಿನದು. ‘ಡೇಟಾ ಸರಿಯಾಗೇ ಬಂದಿದೆಯಲ್ಲ’ ಎಂಬ ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲೇ. ಕ್ರೋಮ್ ಪಕ್ಕದಲ್ಲಿ ಒಂದು ಚಿಕ್ಕ ನೀಲಿ ‘ಐ’ ಗುರುತು ಹಾಕಿ ಇದನ್ನು ಹೇಳುತ್ತದೆ, ಆದರೆ ಅದನ್ನು ಓದುವವರು ಕಡಿಮೆ. ಆಬ್ಜೆಕ್ಟನ್ನು ಜೇಸನ್ ಪಠ್ಯವಾಗಿಸಿ ಲಾಗ್ ಮಾಡಿದರೆ ಆ ಕ್ಷಣದ ಬೆಲೆಯೇ ಉಳಿಯುತ್ತದೆ.

ಎರರ್ ಇದೆ, ಆದರೆ ಮೂರು ಬ್ರೌಸರ್‌ನಲ್ಲಿ ಮೂರು ಮಾತು

ಇಲ್ಲದ ವಸ್ತುವಿನ ಒಳಗಿನ ಗುಣವನ್ನು ಓದಲು ಹೋದಿರಿ ಎಂದುಕೊಳ್ಳಿ. ಕ್ರೋಮ್ ‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್’ ಎಂದು ಹೇಳಿ, ಓದಲು ಹೋದ ಗುಣದ ಹೆಸರು ಕೊಡುತ್ತದೆ. ಫೈರ್‌ಫಾಕ್ಸ್ ‘ಇಂಥದ್ದು ಅನ್‌ಡಿಫೈನ್ಡ್’ ಎಂದು ಯಾವ ವೇರಿಯಬಲ್ ಖಾಲಿ ಎಂಬುದನ್ನೇ ಹೇಳುತ್ತದೆ. ಸಫಾರಿ ‘ಅನ್‌ಡಿಫೈನ್ಡ್ ಈಸ್ ನಾಟ್ ಆ್ಯನ್ ಆಬ್ಜೆಕ್ಟ್’ ಎಂದು ಹೇಳಿ ಇಡೀ ತುಣುಕನ್ನು ಮುಂದಿಡುತ್ತದೆ. ಮೂರೂ ಒಂದೇ ತಪ್ಪು. ಬೇರೆ ಬೇರೆ ಬಳಕೆದಾರರಿಂದ ಈ ಮೂರು ವರದಿ ಬಂದರೆ ಮೂರು ದೋಷ ಎಂದು ಬರೆದಿಟ್ಟುಕೊಳ್ಳಬೇಡಿ. ನನ್ನ ಮಟ್ಟಿಗೆ ಇಂಥ ತಪ್ಪಿಗೆ ಫೈರ್‌ಫಾಕ್ಸ್ ಮತ್ತು ಸಫಾರಿಯ ಮಾತು ಹೆಚ್ಚು ಉಪಯುಕ್ತ: ನಮಗೆ ಬೇಕಾದದ್ದು ಖಾಲಿ ಬಂದದ್ದು ಯಾವುದು ಎಂಬುದು.

ಸಿಂಟ್ಯಾಕ್ಸ್ ಎರರ್ (ಕೋಡ್‌ನ ವ್ಯಾಕರಣ ದೋಷ) ಬೇರೆಯೇ ಜಾತಿ. ಅದು ಬಂದರೆ ಆ ಸಾಲಷ್ಟೇ ಅಲ್ಲ, ಇಡೀ ಫೈಲ್ ಓಡುವುದಿಲ್ಲ. ಒಳ್ಳೆಯ ಉದಾಹರಣೆ ರೆಗ್ಯುಲರ್ ಎಕ್ಸ್‌ಪ್ರೆಷನ್‌ನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಲುಕ್‌ಬಿಹೈಂಡ್, ಅಂದರೆ ಹಿಂದಿನ ಅಕ್ಷರಗಳನ್ನೂ ನೋಡಿ ಹೊಂದಿಸುವುದು. ಕ್ರೋಮ್ ಅದನ್ನು 2017ರಿಂದ, ಫೈರ್‌ಫಾಕ್ಸ್ 2020ರಿಂದ ಒಪ್ಪುತ್ತವೆ; ಸಫಾರಿಗೆ ಅದು ಬಂದದ್ದು 2023ರ ಮಾರ್ಚ್‌ನಲ್ಲಿ, 16.4ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಐಫೋನ್‌ನಲ್ಲಿ ‘ಇನ್‌ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್’ ಎಂಬ ಒಂದೇ ಸಾಲು ಬಂದು ಪುಟವೆಲ್ಲ ಬಿಳಿಯಾಗಿ ನಿಲ್ಲುತ್ತದೆ. ‘ಒಂದು ಫೋನಿನಲ್ಲಿ ಏನೂ ಕಾಣುವುದಿಲ್ಲ, ಇನ್ನೊಂದರಲ್ಲಿ ಸರಿ’ ಎಂಬ ದೂರು ಬಂದರೆ ಮೊದಲು ಕೇಳಬೇಕಾದ್ದು ಐಒಎಸ್ ಆವೃತ್ತಿ. ಆ ಪ್ರಶ್ನೆಗೆ ಖರ್ಚಿಲ್ಲ.

ತಿದ್ದಿದೆ, ಆದರೂ ಹಳೆಯದೇ ಕಾಣುತ್ತದೆ

ಕಂಟ್ರೋಲ್-ಶಿಫ್ಟ್-ಆರ್ ಒತ್ತಿ ನೋಡಿ. ಕ್ರೋಮ್‌ನಲ್ಲಿ ಟೂಲ್ಸ್ ತೆರೆದಿರುವಾಗ ರೀಲೋಡ್ ಬಟನ್ ಒತ್ತಿ ಹಿಡಿದರೆ ಕ್ಯಾಶ್ ಖಾಲಿ ಮಾಡಿ ರೀಲೋಡ್ ಮಾಡುವ ಆಯ್ಕೆ ಬರುತ್ತದೆ. ಸಫಾರಿಯಲ್ಲಿ ಕಮಾಂಡ್-ಆಪ್ಷನ್-ಇ.

ಇನ್ನೂ ಹಟ ಹಿಡಿದರೆ ನೆಟ್‌ವರ್ಕ್ ಟ್ಯಾಬ್‌ನ ಸೈಜ್ ಕಾಲಂ ಓದಿ. ಕ್ರೋಮ್ ಅಲ್ಲಿ ಮೆಮೊರಿ ಕ್ಯಾಶ್, ಡಿಸ್ಕ್ ಕ್ಯಾಶ್, ಸರ್ವಿಸ್ ವರ್ಕರ್ ಎಂದು ಬಿಡಿಸಿ ಬರೆಯುತ್ತದೆ. ಸರ್ವಿಸ್ ವರ್ಕರ್ (ಪುಟಕ್ಕೂ ಸರ್ವರ್‌ಗೂ ನಡುವೆ ಓಡುವ ಸೈಟಿನ ಸ್ಕ್ರಿಪ್ಟ್) ಎಂದಿದ್ದರೆ ಕ್ಯಾಶ್ ಅಳಿಸುವುದು ಸಾಲದು; ಹಳೆಯ ವರ್ಕರ್ ಮಧ್ಯೆ ಕೂತು ತನ್ನ ಬಳಿ ಇರುವುದನ್ನೇ ಕೊಡುತ್ತಿದೆ. ಕ್ರೋಮ್, ಎಡ್ಜ್‌ನ ‘ಅಪ್ಲಿಕೇಷನ್’ ಟ್ಯಾಬ್‌ನಲ್ಲಿ ‘ಅಪ್‌ಡೇಟ್ ಆನ್ ರೀಲೋಡ್’ ಟಿಕ್ ಹಾಕಿ ಅಥವಾ ಅನ್‌ರಿಜಿಸ್ಟರ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ ಅಬೌಟ್ ಡೀಬಗ್ಗಿಂಗ್ ಪುಟ. ಈ ಕೆಲಸಕ್ಕೆ ಕ್ರೋಮ್ ಬಳಗದ ಟೂಲ್ಸೇ ಅನುಕೂಲ.

ಜೋಪಾನ: ಕ್ರೋಮ್‌ನ ಅದೇ ‘ಅಪ್ಲಿಕೇಷನ್’ ಟ್ಯಾಬ್‌ನ ‘ಕ್ಲಿಯರ್ ಸೈಟ್ ಡೇಟಾ’ ಬಟನ್ ಕುಕೀ, ಲೋಕಲ್ ಸ್ಟೋರೇಜ್, ಇಂಡೆಕ್ಸ್ಡ್‌ಡಿಬಿ ಎಲ್ಲ ಒರೆಸಿಬಿಡುತ್ತದೆ. ಬ್ರೌಸರ್‌ನಲ್ಲೇ ಉಳಿಸಿದ್ದ ಕರಡು ಬರಹ ಇದ್ದರೆ ಅದೂ ಹೋಯಿತು. ಹಿಂದಕ್ಕೆ ಬರುವುದಿಲ್ಲ.

ಸರ್ವರ್‌ನಿಂದ ಡೇಟಾ ಬರುವುದಿಲ್ಲ

ಪುಟ ಲೋಡ್ ಆದ ಮೇಲೆ ಟೂಲ್ಸ್ ತೆರೆದರೆ ನೆಟ್‌ವರ್ಕ್ ಟ್ಯಾಬ್ ಖಾಲಿ ಇರುತ್ತದೆ, ಏಕೆಂದರೆ ದಾಖಲಿಸುವುದು ತೆರೆದ ಮೇಲಿನದನ್ನು ಮಾತ್ರ. ರೀಲೋಡ್ ಮಾಡಿ. ಅದಾದ ಮೇಲೆ ಪ್ರೈವೇಟ್ ಅಥವಾ ಇನ್‌ಕಾಗ್ನಿಟೋ ವಿಂಡೋದಲ್ಲಿ ನೋಡಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಓಡುವುದಿಲ್ಲ. ಅಲ್ಲಿ ಸರಿಯಾಯಿತೆಂದರೆ ಅನುಮಾನ ಎಕ್ಸ್‌ಟೆನ್ಷನ್ ಮೇಲೆ. ಕ್ರೋಮ್ ‘ಬ್ಲಾಕ್ಡ್ ಬೈ ಕ್ಲೈಂಟ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಫೈರ್‌ಫಾಕ್ಸ್‌ನ ‘ಟ್ರಾನ್ಸ್‌ಫರ್ಡ್’ ಕಾಲಂ ತಡೆದ ಎಕ್ಸ್‌ಟೆನ್ಷನ್‌ನ ಹೆಸರನ್ನೇ ಬರೆಯುತ್ತದೆ. ಟ್ರ್ಯಾಕಿಂಗ್ ತಡೆಯೋ, ಸಿಎಸ್‌ಪಿಯೋ (ಪುಟ ಏನೇನು ಲೋಡ್ ಮಾಡಬಹುದು ಎಂಬ ಸೈಟಿನದೇ ನೀತಿ), ಕೋರ್ಸ್ ನಿಯಮವೋ (ಬೇರೆ ಸೈಟಿನ ಡೇಟಾ ಓದಲು ಆ ಸರ್ವರ್‌ನ ಅನುಮತಿ ಬೇಕೆಂಬುದು) ಎಂಬುದನ್ನೂ ಹೇಳುತ್ತದೆ. ತಡೆಗೊಂಡ ರಿಕ್ವೆಸ್ಟ್ ವಿಷಯದಲ್ಲಿ ನಾನು ಮೊದಲು ತೆರೆಯುವುದು ಫೈರ್‌ಫಾಕ್ಸನ್ನೇ.

ಕೋರ್ಸ್ ಎರರ್ ಬಗ್ಗೆ ತುಸು ನಿಧಾನಿಸೋಣ. ಕೆಂಪು ಸಾಲು ಕಂಡ ಕೂಡಲೇ ಎಲ್ಲರೂ ಆ ಅನುಮತಿ ಹೇಳುವ ಹೆಡರ್ (ಸರ್ವರ್‌ನ ಉತ್ತರದ ತಲೆಯಲ್ಲಿ ಬರುವ ಸಾಲು) ಸೇರಿಸಲು ಓಡುತ್ತಾರೆ. ಮೊದಲು ಆ ರಿಕ್ವೆಸ್ಟ್‌ನ ಸ್ಟೇಟಸ್ ನೋಡಿ. ಸರ್ವರ್ ಒಳಗೇ ಮುಗ್ಗರಿಸಿ 500 ಕೊಟ್ಟಾಗ, ಅಥವಾ ಮಧ್ಯದ ಪ್ರಾಕ್ಸಿ 502 ಕೊಟ್ಟಾಗ, ಆ ಉತ್ತರದಲ್ಲಿ ಎಷ್ಟೋ ಸಲ ಕೋರ್ಸ್ ಹೆಡರ್ ಇರುವುದಿಲ್ಲ. ಬ್ರೌಸರ್ ಆಗಲೂ ಕೋರ್ಸ್ ಎಂದೇ ಕೂಗುತ್ತದೆ. ನಿಜವಾದ ರೋಗ ಸರ್ವರ್ ಲಾಗ್‌ನಲ್ಲಿ ಮಲಗಿರುತ್ತದೆ. ಸ್ಟೇಟಸ್ 200 ಇದ್ದೂ ಎರರ್ ಬಂದರೆ ಹೆಡರ್ ನಿಜಕ್ಕೂ ಇಲ್ಲ ಅಥವಾ ತಪ್ಪಾಗಿದೆ. ಆಪ್ಷನ್ಸ್ ರಿಕ್ವೆಸ್ಟೇ ವಿಫಲವಾಗಿದ್ದರೆ ಪ್ರೀಫ್ಲೈಟ್‌ನಲ್ಲಿ (ನಿಜವಾದ ರಿಕ್ವೆಸ್ಟ್‌ಗೆ ಮೊದಲು ಬ್ರೌಸರ್ ಅನುಮತಿ ಕೇಳುವ ಹೆಜ್ಜೆ) ತೊಡಕು. ಕ್ರೋಮ್ ಅದನ್ನು ಬೇರೆ ಸಾಲಾಗಿಯೇ ತೋರಿಸುತ್ತದೆ. ಕಮಾಂಡ್ ಲೈನ್‌ನಲ್ಲಿ ಕರ್ಲ್ (ಬ್ರೌಸರ್ ಇಲ್ಲದೆ ರಿಕ್ವೆಸ್ಟ್ ಕಳಿಸುವ ಟೂಲ್) ಹೊಡೆದರೆ ಉತ್ತರ ಬರುತ್ತದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ, ಈ ನಿಯಮ ಜಾರಿ ಮಾಡುವುದು ಬ್ರೌಸರ್ ಮಾತ್ರ. ಮುಂಭಾಗದ ಕೋಡ್ ಎಷ್ಟು ತಿದ್ದಿದರೂ ಇದು ಹೋಗುವುದಿಲ್ಲ, ಸರ್ವರ್ ನೋಡಿಕೊಳ್ಳುವವರ ಬಳಿ ಹೋಗಿ. ವೆಬ್ ಸೆಕ್ಯುರಿಟಿ ಆಫ್ ಮಾಡಿ ಬ್ರೌಸರ್ ಓಡಿಸುವ ‘ಸುಲಭ ದಾರಿ’ಯನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ, ಅದೇ ಬ್ರೌಸರ್‌ನಲ್ಲಿ ಮೇಲ್, ಬ್ಯಾಂಕ್ ತೆರೆದಿರೋ, ಯಾವ ಪುಟ ಬೇಕಾದರೂ ಅದನ್ನು ಓದಬಹುದು.

ಫೈರ್‌ಫಾಕ್ಸ್‌ನ ‘ಎಡಿಟ್ ಆ್ಯಂಡ್ ರೀಸೆಂಡ್’, ಕ್ರೋಮ್‌ನ ‘ರೀಪ್ಲೇ’ ಬಳಸುವಾಗಲೂ ಹುಷಾರು. ಅದು ನಾಟಕದ ರಿಕ್ವೆಸ್ಟ್ ಅಲ್ಲ. ಆರ್ಡರ್ ಅಥವಾ ಹಣ ಪಾವತಿಯ ಪೋಸ್ಟ್ ರಿಕ್ವೆಸ್ಟನ್ನು ಮತ್ತೆ ಕಳಿಸಿದರೆ ಕೆಲಸ ಎರಡು ಸಲ ಆಗಬಹುದು.

ಸ್ಟೈಲ್ ಬರೆದಿದ್ದೇನೆ, ಪರಿಣಾಮವೇ ಇಲ್ಲ

ಇನ್‌ಸ್ಪೆಕ್ಟರ್‌ನಲ್ಲಿ ಆ ಎಲಿಮೆಂಟ್ ಆರಿಸಿ, ನಿಮ್ಮ ಸಾಲನ್ನು ಹುಡುಕಿ. ಸಾಲೇ ಇಲ್ಲವೆಂದರೆ ಸೆಲೆಕ್ಟರ್ (ನಿಯಮ ಯಾವ ಎಲಿಮೆಂಟಿಗೆ ಎಂದು ಹೇಳುವ ಭಾಗ) ತಗುಲಿಲ್ಲ ಅಥವಾ ಫೈಲೇ ಬಂದಿಲ್ಲ. ಸಾಲಿನ ಮೇಲೆ ಗೆರೆ ಎಳೆದಿದ್ದರೆ ಬೇರೊಂದು ನಿಯಮ ಅದನ್ನು ಮೀರಿದೆ. ಕ್ರೋಮ್‌ನಲ್ಲಿ ಗೆರೆಯ ಜೊತೆ ಹಳದಿ ತ್ರಿಕೋನ ಇದ್ದರೆ ಕಾಗುಣಿತ ತಪ್ಪು ಅಥವಾ ಬ್ರೌಸರ್‌ಗೆ ಗೊತ್ತಿಲ್ಲದ ಗುಣ.

ಕಷ್ಟದ್ದು ನಾಲ್ಕನೆಯದು: ಸಾಲು ಇದೆ, ಗೆರೆ ಇಲ್ಲ, ಎಚ್ಚರಿಕೆ ಇಲ್ಲ, ಆದರೂ ಪುಟ ಮಿಸುಕುವುದಿಲ್ಲ. ಇನ್‌ಲೈನ್ ಎಲಿಮೆಂಟಿಗೆ ಅಗಲ ಕೊಟ್ಟಾಗ, ಫ್ಲೆಕ್ಸ್ ಅಥವಾ ಗ್ರಿಡ್ ಅಲ್ಲದ ಪೆಟ್ಟಿಗೆಗೆ ಅಲೈನ್-ಐಟಮ್ಸ್ ಬರೆದಾಗ, ಪೊಸಿಷನ್ ಇಲ್ಲದ ಎಲಿಮೆಂಟಿಗೆ ಜೆಡ್-ಇಂಡೆಕ್ಸ್ 9999 ಹಾಕಿ ಕಾದಾಗ ಆಗುವುದು ಇದು. ವ್ಯಾಕರಣ ಸರಿ, ಸಂದರ್ಭ ತಪ್ಪು. ಫೈರ್‌ಫಾಕ್ಸ್ 2019ರ ಅಕ್ಟೋಬರ್‌ನಲ್ಲಿ ಬಂದ 70ನೇ ಆವೃತ್ತಿಯಿಂದ ಇಂಥ ಸಾಲನ್ನು ಮಂಕಾಗಿಸಿ, ಪಕ್ಕದ ಗುರುತಿನ ಮೇಲೆ ಮೌಸ್ ಇಟ್ಟರೆ ಏಕೆ ಪರಿಣಾಮವಿಲ್ಲ, ಏನು ಸೇರಿಸಿದರೆ ಬರುತ್ತದೆ ಎಂದು ಹೇಳುತ್ತದೆ. ಕ್ರೋಮ್ ಕೂಡ ಆಮೇಲೆ ಇಂಥ ಸುಳಿವು ಕೊಡಲು ಶುರುಮಾಡಿತು. ಸಿಎಸ್‌ಎಸ್ ಕಲಿಯುತ್ತಿರುವವರು ಉಳಿದ ಕೆಲಸವೆಲ್ಲ ಕ್ರೋಮ್‌ನಲ್ಲಿ ಮಾಡಿದರೂ ಲೇಔಟ್ ತಪ್ಪಿಗೆ ಫೈರ್‌ಫಾಕ್ಸ್ ತೆರೆಯುವ ಅಭ್ಯಾಸ ಮಾಡಿಕೊಂಡರೆ ಲಾಭ. ಅಲ್ಲಿನ ‘ಕಂಪ್ಯಾಟಿಬಿಲಿಟಿ’ ಫಲಕ ನೀವು ಬಳಸಿದ ಗುಣಗಳಲ್ಲಿ ಯಾವುದು ಯಾವ ಬ್ರೌಸರ್‌ನಲ್ಲಿ ನಡೆಯುವುದಿಲ್ಲ ಎಂಬುದನ್ನೂ ಪಟ್ಟಿ ಮಾಡುತ್ತದೆ. ಪೆಟ್ಟಿಗೆಯೊಂದು ಬೇಡದೆ ಅಡ್ಡಡ್ಡ ಸ್ಕ್ರಾಲ್ ಆಗುತ್ತಿದ್ದರೆ ಎಲಿಮೆಂಟ್ ಪಕ್ಕದ ‘ಸ್ಕ್ರಾಲ್’ ಬಿಲ್ಲೆ ಒತ್ತಿ. ಗಡಿ ಮೀರಿದ್ದು ಯಾವುದು ಎಂದು ತೋರಿಸುತ್ತದೆ.

ಲಾಗಿನ್ ಆಗುತ್ತದೆ, ಮರುಕ್ಷಣ ಹೊರಗೆ

ಕುಕೀ ಸಮಸ್ಯೆ ಎಂದು ಹಿಡಿದು ಹೊರಡಿ. ಕುಕೀ ಪಟ್ಟಿ ಕ್ರೋಮ್, ಎಡ್ಜ್‌ನಲ್ಲಿ ‘ಅಪ್ಲಿಕೇಷನ್’ ಟ್ಯಾಬ್‌ನಲ್ಲಿ, ಫೈರ್‌ಫಾಕ್ಸ್, ಸಫಾರಿಯಲ್ಲಿ ‘ಸ್ಟೋರೇಜ್’ ಟ್ಯಾಬ್‌ನಲ್ಲಿ ಸಿಗುತ್ತದೆ. ಸರ್ವರ್ ಕಳಿಸಿದ ಕುಕೀ ಪಟ್ಟಿಯಲ್ಲಿ ಇಲ್ಲವೆಂದರೆ ಬ್ರೌಸರ್ ಅದನ್ನು ತಿರಸ್ಕರಿಸಿದೆ. ಏಕೆ ಎಂದು ಫೈರ್‌ಫಾಕ್ಸ್‌ನ ಕನ್ಸೋಲ್ ಒಂದು ವಾಕ್ಯದಲ್ಲಿ ಹೇಳುತ್ತದೆ. ಕ್ರೋಮ್‌ನಲ್ಲಿ ಆ ರಿಕ್ವೆಸ್ಟ್‌ನ ಹೆಡರ್ ಪಕ್ಕದ ಎಚ್ಚರಿಕೆ ಗುರುತಿನ ಮೇಲೆ ಮೌಸ್ ಇಡಬೇಕು.

ಲಾಗಿನ್ ಸೇವೆ ಬೇರೆ ಡೊಮೇನ್‌ನಲ್ಲಿದ್ದರೆ ಬ್ರೌಸರ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಸಫಾರಿ 2020ರ ಮಾರ್ಚ್‌ನಿಂದ ಮೂರನೆಯವರ ಕುಕೀಗಳನ್ನು (ನೀವು ತೆರೆದ ಸೈಟಿನದಲ್ಲದ, ಬೇರೆ ಡೊಮೇನ್‌ನ ಕುಕೀಗಳು) ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಅವನ್ನು ಸೈಟಿಗೊಂದರಂತೆ ಬೇರ್ಪಡಿಸಿ ಇಡುತ್ತದೆ. ಕ್ರೋಮ್ ಸಾಮಾನ್ಯ ವಿಂಡೋದಲ್ಲಿ ಬಿಟ್ಟುಕೊಟ್ಟರೂ ಇನ್‌ಕಾಗ್ನಿಟೋದಲ್ಲಿ ತಡೆಯುತ್ತದೆ. ಮ್ಯಾಕ್ ಇಲ್ಲದವರಿಗೆ ಇದೇ ಅಗ್ಗದ ಪರೀಕ್ಷೆ: ಕ್ರೋಮ್ ಇನ್‌ಕಾಗ್ನಿಟೋದಲ್ಲೂ ಲಾಗಿನ್ ಕೆಟ್ಟರೆ ಮೂರನೆಯವರ ಕುಕೀ ಮೇಲೆ ಬಲವಾದ ಅನುಮಾನ ಪಡಬಹುದು. ಕುಕೀಯಲ್ಲಿ ‘ಸೇಮ್‌ಸೈಟ್ ನನ್’ (ಬೇರೆ ಸೈಟಿನಿಂದಲೂ ಕಳಿಸಬಹುದು) ಎಂದು ಬರೆದು ‘ಸೆಕ್ಯೂರ್’ ಬರೆಯಲು ಮರೆತಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ.

ಬ್ರೇಕ್‌ಪಾಯಿಂಟ್ ಹಾಕಿದರೂ ನಿಲ್ಲುವುದಿಲ್ಲ

ಬ್ರೇಕ್‌ಪಾಯಿಂಟ್ ಎಂದರೆ ಕೋಡ್ ಓಡುವಾಗ ನಿಲ್ಲಬೇಕಾದ ಸಾಲಿನ ಗುರುತು. ಎಲ್ಲ ಬ್ರೇಕ್‌ಪಾಯಿಂಟ್‌ಗಳನ್ನು ಒಟ್ಟಿಗೆ ಆಫ್ ಮಾಡುವ ಬಟನ್ ಒತ್ತಿಬಿಟ್ಟಿದ್ದೀರಾ ನೋಡಿ. ನಿಮ್ಮ ಫೈಲ್, ಟೂಲ್ಸ್ ನಿಲ್ಲದೆ ದಾಟಿಹೋಗುವ ‘ಇಗ್ನೋರ್’ ಪಟ್ಟಿಯಲ್ಲಿದೆಯೇ ನೋಡಿ. ಅದೂ ಅಲ್ಲವಾದರೆ ಸೋರ್ಸ್ ಮ್ಯಾಪ್ (ಓಡುವ ಕೋಡನ್ನು ನೀವು ಬರೆದ ಮೂಲ ಕೋಡ್‌ಗೆ ಜೋಡಿಸುವ ಫೈಲ್) ಹಳೆಯದಿರಬಹುದು: ಆಗ ನೀವು ನೋಡುತ್ತಿರುವ ಸಾಲಿಗೂ ಓಡುತ್ತಿರುವ ಸಾಲಿಗೂ ಸಂಬಂಧವಿಲ್ಲ. ಸೋರ್ಸ್ ಮ್ಯಾಪ್ ಆಫ್ ಮಾಡಿ, ಜಾಗ ಉಳಿಸಲು ಒತ್ತೊತ್ತಾಗಿ ಕುಗ್ಗಿಸಿದ ಫೈಲನ್ನು ಪ್ರೆಟಿ ಪ್ರಿಂಟ್ ಬಟನ್‌ನಿಂದ ಬಿಡಿಸಿಕೊಂಡು ಅಲ್ಲಿ ಬ್ರೇಕ್‌ಪಾಯಿಂಟ್ ಹಾಕಿ. ಈ ವಿಷಯದಲ್ಲಿ ಬ್ರೌಸರ್‌ಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ.

ಪುಟ ತೆವಳುತ್ತದೆ

ಎಕ್ಸ್‌ಟೆನ್ಷನ್ ಇಲ್ಲದ ವಿಂಡೋದಲ್ಲಿ ನೋಡಿ, ಬಳಿಕ ದಾಖಲಿಸಿ. ಕ್ರೋಮ್‌ನ ‘ಪರ್ಫಾರ್ಮೆನ್ಸ್’ ಟ್ಯಾಬ್‌ನಲ್ಲಿ ಪ್ರೊಸೆಸರ್ ವೇಗವನ್ನು ಬೇಕೆಂದೇ ಕುಗ್ಗಿಸಿ, ಅಗ್ಗದ ಫೋನ್‌ನ ಅನುಭವ ಪಡೆಯಬಹುದು. ಫೈರ್‌ಫಾಕ್ಸ್‌ಗೆ ತನ್ನದೇ ಪ್ರೊಫೈಲರ್ ಇದೆ, ಸಫಾರಿಯಲ್ಲಿ ಇದು ‘ಟೈಮ್‌ಲೈನ್ಸ್’.

ಫೋನಿನಲ್ಲಿ ಮಾತ್ರ ಕೆಡುತ್ತದೆ

ಕ್ರೋಮ್‌ನ ಡಿವೈಸ್ ಮೋಡ್‌ನಲ್ಲಿ ಐಫೋನ್ ಆರಿಸಿದ ಮಾತ್ರಕ್ಕೆ ಅದು ಐಫೋನ್ ಆಗುವುದಿಲ್ಲ. ಅಳತೆ, ಸ್ಪರ್ಶ ಬದಲಾಗುತ್ತವೆ. ಒಳಗಿನ ಎಂಜಿನ್ ಬ್ಲಿಂಕೇ. ಇತ್ತ ಐಫೋನ್‌ನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗಿರುವುದು ವೆಬ್‌ಕಿಟ್. ಯುರೋಪಿಯನ್ ಒಕ್ಕೂಟದಲ್ಲಿ 2024ರ ಮಾರ್ಚ್‌ನಿಂದ ಬೇರೆ ಎಂಜಿನ್‌ಗೆ ಅವಕಾಶ ಕೊಟ್ಟಿರುವುದು ಅಪವಾದ. ಹಾಗಾಗಿ ‘ಐಫೋನ್ ಕ್ರೋಮ್‌ನಲ್ಲೂ ಕೆಡುತ್ತದೆ’ ಎಂಬ ವರದಿಯನ್ನು ಸಫಾರಿ ದೋಷ ಎಂದೇ ಓದಿಕೊಳ್ಳಿ.

ನಿಜವಾದ ಫೋನನ್ನೇ ಜೋಡಿಸಬೇಕು. ಆ್ಯಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರ್‌ನ ಕ್ರೋಮ್ ಇನ್‌ಸ್ಪೆಕ್ಟ್ ಪುಟಕ್ಕೆ ಹೋಗಿ. ಫೈರ್‌ಫಾಕ್ಸ್‌ಗೆ ಅಬೌಟ್ ಡೀಬಗ್ಗಿಂಗ್. ಐಫೋನ್‌ನಲ್ಲಿ ಸಫಾರಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಒಳಗೆ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ ಮ್ಯಾಕ್‌ಗೆ ಕೇಬಲ್ ಹಾಕಿ. ಡೆವಲಪ್ ಮೆನುವಿನಲ್ಲಿ ಫೋನ್ ಕಾಣಿಸುತ್ತದೆ. ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗ್ಗಿಂಗ್ ಆಫ್ ಮಾಡಿ, ಅದು ಆನ್ ಇರುವ ಫೋನನ್ನು ಕಂಡ ಕಂಡ ಕಂಪ್ಯೂಟರ್‌ಗೆ ಚುಚ್ಚಬಾರದು.

ಯಾವಾಗ ನಿಲ್ಲಿಸಬೇಕು, ಏನು ಕಳಿಸಬೇಕು

ಸೈಟ್ ನಿಮ್ಮದಲ್ಲವಾದರೆ, ಎಕ್ಸ್‌ಟೆನ್ಷನ್ ಮತ್ತು ಕ್ಯಾಶ್ ಪರೀಕ್ಷೆ ಮುಗಿದಲ್ಲಿಗೆ ನಿಲ್ಲಿಸಿ ಸೈಟಿನವರಿಗೆ ತಿಳಿಸಿ. ಸೈಟ್ ನಿಮ್ಮದೇ ಆಗಿದ್ದು, ಕೋಡನ್ನು ಕತ್ತರಿಸಿ ಕತ್ತರಿಸಿ ಹತ್ತಾರು ಸಾಲಿಗೆ ಇಳಿಸಿದ ಮೇಲೂ ಒಂದೇ ಎಂಜಿನ್‌ನಲ್ಲಿ ಕೆಡುತ್ತಿದ್ದರೆ ಅದು ಬ್ರೌಸರ್‌ನದೇ ಬಗ್ ಇರಬಹುದು. ಮೊಜಿಲ್ಲಾ ಮತ್ತು ವೆಬ್‌ಕಿಟ್‌ಗೆ ತಮ್ಮ ತಮ್ಮ ಬಗ್‌ಜಿಲ್ಲಾ ಇದೆ, ಕ್ರೋಮಿಯಂಗೆ ಇಷ್ಯೂ ಟ್ರ್ಯಾಕರ್ ಇದೆ. ಆ ಹತ್ತಾರು ಸಾಲು, ಬ್ರೌಸರ್ ಮತ್ತು ಓಎಸ್ ಆವೃತ್ತಿ, ಮಾಡಿದ ಹೆಜ್ಜೆಗಳು, ಎರರ್‌ನ ಪೂರ್ತಿ ಪಠ್ಯ ಕೊಡಿ. ಎರರನ್ನು ಫೋಟೋ ಹೊಡೆದು ಕಳಿಸಿದರೆ ನೋಡುವವರು ಅದನ್ನು ಮತ್ತೆ ಟೈಪ್ ಮಾಡಬೇಕು.

ಸಹಾಯ ಮಾಡುವವರು ‘ಹಾರ್’ ಫೈಲ್ (ಪುಟದ ಎಲ್ಲ ರಿಕ್ವೆಸ್ಟ್, ಉತ್ತರಗಳ ದಾಖಲೆ) ಕೇಳಬಹುದು. ನೆಟ್‌ವರ್ಕ್ ಟ್ಯಾಬ್‌ನಿಂದ ಅದು ಒಂದೇ ಕ್ಲಿಕ್‌ಗೆ ಸಿಗುತ್ತದೆ, ಆದರೆ ಅದರೊಳಗೆ ನಿಮ್ಮ ಕುಕೀ, ಟೋಕನ್, ಫಾರ್ಮ್‌ನಲ್ಲಿ ತುಂಬಿದ್ದು ಎಲ್ಲ ಇರಬಹುದು. ರಿಕ್ವೆಸ್ಟನ್ನು ಕರ್ಲ್ ಕಮಾಂಡ್ ಆಗಿ ನಕಲಿಸುವ ‘ಕಾಪಿ ಆ್ಯಸ್ ಕರ್ಲ್’ ಕೂಡ ಹಾಗೆಯೇ. ಪರೀಕ್ಷೆಗೆಂದೇ ಮಾಡಿದ ಖಾತೆಯಲ್ಲಿ ದಾಖಲಿಸಿ, ಪಠ್ಯ ಎಡಿಟರ್‌ನಲ್ಲಿ ತೆರೆದು ಕುಕೀ, ಆಥರೈಸೇಷನ್ ಸಾಲುಗಳನ್ನು ಅಳಿಸಿ, ಆ ಖಾತೆಯಿಂದ ಲಾಗ್‌ಔಟ್ ಆಗಿ, ಆಮೇಲೆ ಫೈಲ್ ಕಳಿಸಿ.